ಮನೆ ಮಾರುವವರ ಪರವಾಗಿ ಯಾರಿದ್ದಾರೆ?

ನೋಂದಣಿ ನಡೆಯುವ ಹೊತ್ತಿನಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಧ ಗಂಟೆ ಕೂತು ನೋಡಿದರೆ ಸಾಕು, ಮನೆ ವ್ಯಾಪಾರದಲ್ಲಿ ಯಾರ ಬೆನ್ನಿಗೆ ಯಾರಿದ್ದಾರೆ ಎನ್ನುವುದು ತಿಳಿಯುತ್ತದೆ. ಕೊಳ್ಳುವವರ ಜೊತೆ ಅವರ ವಕೀಲರಿರುತ್ತಾರೆ. ಅವರಿಗೆ ಸಾಲ ಕೊಡುವ ಬ್ಯಾಂಕಿನವರು ಡಿ.ಡಿ. ಹಿಡಿದು ಬಂದಿರುತ್ತಾರೆ, ಆ ಬ್ಯಾಂಕಿನ ವಕೀಲರು ಮನೆಯ ಕಾಗದಗಳನ್ನು ವಾರಗಳ ಹಿಂದೆಯೇ ಜಾಲಾಡಿ ವರದಿ ಕೊಟ್ಟಿರುತ್ತಾರೆ. ಮಾರುವವರು ಮಾತ್ರ ಬಹಳ ಸಲ ಅರವತ್ತು ದಾಟಿದ ಗಂಡ ಹೆಂಡತಿ ಇಬ್ಬರೇ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ಆಧಾರ್, ಪ್ಯಾನ್ ಜೆರಾಕ್ಸ್. ಕ್ರಯಪತ್ರ ಬರೆಸಿದ್ದು ಕೊಳ್ಳುವವರ ವಕೀಲರು, ಓದಿದ್ದೂ ಅವರೇ. ಇವರು ಹೇಳಿದ ಕಡೆ ಸಹಿ ಹಾಕುತ್ತಾರೆ, ಹೆಬ್ಬೆಟ್ಟು ಒತ್ತುತ್ತಾರೆ, ಕ್ಯಾಮೆರಾ ನೋಡುತ್ತಾರೆ.

ಮನೆ ಕೊಳ್ಳುವವರಿಗೆ ಬುದ್ಧಿಮಾತು ಹೇಳುವವರು ಎಲ್ಲೆಲ್ಲೂ ಸಿಗುತ್ತಾರೆ. ಮಾರುವವರಿಗೆ ಹೇಳುವವರು ಕಡಿಮೆ, ಏಕೆಂದರೆ ದುಡ್ಡು ಬರುವವರಿಗೆ ಏನು ಅಪಾಯ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಸಾಮಾನ್ಯ ಕುಟುಂಬವೊಂದು ಜೀವಮಾನದಲ್ಲಿ ಒಂದೇ ಸಲ ಮನೆ ಮಾರುತ್ತದೆ, ಮಾರಿದ್ದನ್ನು ಮತ್ತೆ ಪಡೆಯುವ ದಾರಿ ಇರುವುದಿಲ್ಲ. ಕೊಳ್ಳುವವರಷ್ಟೇ ಜೋಪಾನ ಮಾರುವವರಿಗೂ ಬೇಕು. ವಕೀಲರೊಬ್ಬರು ಮತ್ತು ತೆರಿಗೆ ಬಲ್ಲ ಲೆಕ್ಕಪರಿಶೋಧಕರೊಬ್ಬರು ಮುಂಗಡ ಮುಟ್ಟುವ ಮೊದಲೇ ಮಾರುವವರ ಪಕ್ಕದಲ್ಲಿರಬೇಕು. ಈ ಲೇಖನದಲ್ಲಿ ಹೇಳಹೊರಟಿರುವ ತಪ್ಪುಗಳಲ್ಲಿ ಹೆಚ್ಚಿನವು ಆ ಇಬ್ಬರನ್ನು ತಡವಾಗಿ ಕಂಡದ್ದರಿಂದ ಆಗುವಂಥವು.

ಮೊದಲು ಕಾಗದದ ಪೆಟ್ಟಿಗೆ

ಮಾರಬೇಕು ಎಂದು ತೀರ್ಮಾನಿಸಿದ ದಿನವೇ ಬ್ರೋಕರಿಗೆ ಫೋನ್ ಮಾಡುವವರು ಹೆಚ್ಚು. ಅದಕ್ಕೂ ಮೊದಲು ಬೀರುವಿನಲ್ಲಿರುವ ಕಾಗದದ ಪೆಟ್ಟಿಗೆಯನ್ನು ಇಳಿಸಿ, ಹಾಲಿನಲ್ಲಿ ಚಾಪೆ ಹಾಸಿ, ಒಂದೊಂದೇ ಪತ್ರ ತೆಗೆದು ಓದಬೇಕು. ತಾಯಿಪತ್ರ, ನಮ್ಮ ಹೆಸರಿನ ಕ್ರಯಪತ್ರ, ಖಾತೆ, ಕಂದಾಯ ರಸೀದಿ, ಮಂಜೂರಾದ ನಕ್ಷೆ, ಭೂಪರಿವರ್ತನೆಯ ಆದೇಶ ಎಲ್ಲವೂ ಇವೆಯೇ? ಅವುಗಳಲ್ಲಿರುವ ಹೆಸರು, ಅಳತೆ, ನಂಬರು ಒಂದಕ್ಕೊಂದು ತಾಳೆಯಾಗುತ್ತವೆಯೇ?

ತಾಳೆಯಾಗದಿರುವುದೇ ಹೆಚ್ಚು. ಕ್ರಯಪತ್ರದಲ್ಲಿ ಇನಿಷಿಯಲ್ ಮುಂದಿದ್ದರೆ ಆಧಾರಿನಲ್ಲಿ ಹಿಂದಿರುತ್ತದೆ. ಹೆಂಗಸರ ಹೆಸರಿಗೆ ಒಂದು ಕಡೆ ‘ಅಮ್ಮ’ ಸೇರಿರುತ್ತದೆ, ಇನ್ನೊಂದು ಕಡೆ ಗಂಡನ ಹೆಸರು. ಇದನ್ನು ಯಾರೂ ಕೇಳದ ಕಾಲವೊಂದಿತ್ತು. ಈಗ ರಾಜ್ಯದ ನಗರ ಪ್ರದೇಶಗಳಲ್ಲಿ ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ. ಬೆಂಗಳೂರಿನಲ್ಲಿ 2024ರ ಅಕ್ಟೋಬರಿನಿಂದ ಅದು ಕಡ್ಡಾಯವಾಯಿತು. ಇ-ಖಾತಾ ಸಿಗಬೇಕಾದರೆ ಮಾಲೀಕರ ಆಧಾರ್ ದೃಢೀಕರಣ ಆಗಬೇಕು, ಹೆಸರು ಹೊಂದಬೇಕು. ಕೊಳ್ಳುವವರು ಸಿಕ್ಕಿ, ಮುಂಗಡ ಪಡೆದು, ಕರಾರಿನಲ್ಲಿ ಮೂರು ತಿಂಗಳ ಗಡುವು ಒಪ್ಪಿಕೊಂಡ ಮೇಲೆ ಈ ಕೆಲಸಕ್ಕೆ ಕೈಹಾಕಿದರೆ ಗಡುವು ತಪ್ಪಿಸಿದವರು ನಾವೇ ಆಗುತ್ತೇವೆ. ಹಳ್ಳಿ, ಗ್ರಾಮಠಾಣದ ಮನೆಗಳಿಗೂ ಪಂಚಾಯಿತಿಯ ಇ-ಸ್ವತ್ತು ದಾಖಲೆ ಇದೇ ರೀತಿ ಮೊದಲೇ ಕೈಯಲ್ಲಿರಬೇಕು.

ಹೆಸರಿಗಿಂತಲೂ ತೊಡಕಿನದು ಚಕ್ಕುಬಂದಿ. ಕ್ರಯಪತ್ರದ ಕೊನೆಯ ಪುಟದ ಷೆಡ್ಯೂಲನ್ನು ಮನೆ ಕಟ್ಟಿಸಿದ ಮೇಲೆ ಬಹುತೇಕರು ಮತ್ತೆ ಓದಿರುವುದೇ ಇಲ್ಲ. ಅಲ್ಲಿ ಪೂರ್ವಕ್ಕೆ ರಸ್ತೆ ಎಂದಿರುತ್ತದೆ, ರಸ್ತೆ ಇರುವುದು ಉತ್ತರಕ್ಕೆ. ಪಶ್ಚಿಮದ ಸೈಟಿನ ನಂಬರು ಒಂದು ಅಂಕಿ ಆಚೀಚೆ ಆಗಿರುತ್ತದೆ. ಮೂವತ್ತು-ನಲವತ್ತು ಎಂದು ಬರೆದ ಸೈಟು ಟೇಪು ಹಿಡಿದರೆ ಅರ್ಧ ಅಡಿ ಕಡಿಮೆ ಬರುತ್ತದೆ. ಅಂದು ಪತ್ರ ಬರೆದವರ ಕೈತಪ್ಪು ಇದು. ಸರಿಪಡಿಸಬೇಕಾದರೆ ತಿದ್ದುಪಡಿ ಪತ್ರವನ್ನು ನೋಂದಾಯಿಸಬೇಕು, ಅದಕ್ಕೆ ನಮಗೆ ಮಾರಿದವರೇ ಬಂದು ಸಹಿ ಹಾಕಬೇಕು. ಅವರು ತೀರಿಹೋಗಿದ್ದರೆ ಅವರ ವಾರಸುದಾರರನ್ನು ಹುಡುಕಬೇಕು. ಇಪ್ಪತ್ತೈದು ವರ್ಷದ ಹಿಂದೆ ಸೈಟು ಮಾರಿ ಹೋದವರ ಮಕ್ಕಳು ಈಗ ಎಲ್ಲಿದ್ದಾರೋ, ಸಹಿಗೆ ಏನು ಕೇಳುತ್ತಾರೋ. ಒಂದು ಅಂಕಿಯ ತಪ್ಪಿಗಾಗಿ ಇಡೀ ವ್ಯಾಪಾರ ಆರು ತಿಂಗಳು ನಿಲ್ಲುವುದು ಹೀಗೆ.

ಇ.ಸಿ. ಎಂದೇ ಎಲ್ಲರ ಬಾಯಲ್ಲಿರುವ ಋಣಭಾರ ಪ್ರಮಾಣಪತ್ರವನ್ನು ಕೊಳ್ಳುವವರು ಕೇಳುವ ತನಕ ಕಾಯದೆ ನಾವೇ ತೆಗೆಸಿ ನೋಡಬೇಕು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರಿಂದೀಚಿನ ವಿವರ ಆನ್‌ಲೈನಿನಲ್ಲೇ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಕಚೇರಿಯ ಕೈಬರಹದ ಪುಸ್ತಕಗಳನ್ನು ತಿರುವಿಸಬೇಕು. ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ನಮೂನೆ 15ರಲ್ಲಿ ಅನೇಕರನ್ನು ಬೆಚ್ಚಿಬೀಳಿಸುವುದು ಎಂದೋ ತೀರಿಸಿದ ಗೃಹಸಾಲ. ಕಂತು ಮುಗಿಯಿತು, ಬ್ಯಾಂಕಿನವರು ಮೂಲಪತ್ರಗಳನ್ನೂ ಕೊಟ್ಟರು, ಅಲ್ಲಿಗೆ ಮುಗಿಯಿತು ಎಂದುಕೊಂಡಿರುತ್ತೇವೆ. ಆದರೆ ಸಾಲದ ಹೊತ್ತಿನಲ್ಲಿ ಅಡಮಾನದ ಪತ್ರ ನೋಂದಣಿಯಾಗಿದ್ದರೆ, ಬ್ಯಾಂಕಿನ ಬಿಡುಗಡೆ ಪತ್ರವೂ ನೋಂದಣಿಯಾಗುವ ತನಕ ಸರ್ಕಾರದ ದಾಖಲೆಯಲ್ಲಿ ಮನೆ ಅಡವಿನಲ್ಲೇ ಇರುತ್ತದೆ. ಮೂಲಪತ್ರಗಳು ಇನ್ನೂ ಬ್ಯಾಂಕಿನಲ್ಲೇ ಇದ್ದರೆ ರಿಸರ್ವ್ ಬ್ಯಾಂಕಿನ ನಿಯಮ ಈಗ ಸಾಲಗಾರರ ಪರವಾಗಿದೆ: 2023ರ ಡಿಸೆಂಬರ್ 1ರ ನಂತರ ಸಾಲ ಪೂರ್ತಿ ತೀರಿದ ಪ್ರಕರಣಗಳಲ್ಲಿ 30 ದಿನಗಳೊಳಗೆ ಪತ್ರ ಹಿಂದಿರುಗಿಸಬೇಕು, ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಇದನ್ನು ಕೇಳಿ ಪಡೆಯುವುದು ನಮ್ಮ ಹಕ್ಕು.

ಅಕ್ಕತಂಗಿಯರ ಸಹಿ

ಕರ್ನಾಟಕದಲ್ಲಿ ಮನೆ ಮಾರಾಟಗಳು ಕೋರ್ಟಿನ ಮೆಟ್ಟಿಲು ಹತ್ತುವುದಕ್ಕೆ ಅಕ್ಕತಂಗಿಯರನ್ನು ಬಿಟ್ಟು ಮಾರುವುದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆಯೇ ಎಂದು ನನಗೆ ಅನುಮಾನ. ಅಪ್ಪ ಕಟ್ಟಿಸಿದ ಮನೆ. ಅಪ್ಪ ವಿಲ್ ಬರೆಯದೆ ತೀರಿಕೊಂಡರು. ಖಾತೆ ದೊಡ್ಡಮಗನ ಹೆಸರಿಗಾಯಿತು. ಈಗ ಅಣ್ಣತಮ್ಮಂದಿರು ಮಾರಲು ಹೊರಟಿದ್ದಾರೆ. ‘ಅವಳ ಮದುವೆಗೆ ಆಗಲೇ ಬೇಕಾದಷ್ಟು ಖರ್ಚು ಮಾಡಿದ್ದೀವಲ್ಲ’ ಎನ್ನುವ ಮಾತಿನಲ್ಲಿ ಅಕ್ಕನ ಹೆಸರು ಲೆಕ್ಕದಿಂದ ಬಿಟ್ಟುಹೋಗುತ್ತದೆ.

ಕಾನೂನಿನಲ್ಲಿ ಈ ಮಾತಿಗೆ ಬೆಲೆ ಇಲ್ಲ. ಖಾತೆ ಕಂದಾಯ ಕಟ್ಟುವುದಕ್ಕಿರುವ ದಾಖಲೆ. ಅದೊಂದರಿಂದಲೇ ಯಾರೂ ಮಾಲೀಕರಾಗುವುದಿಲ್ಲ. ಹಿಂದೂ ಗಂಡಸೊಬ್ಬರು ತಮ್ಮ ಸ್ವಯಾರ್ಜಿತ ಆಸ್ತಿಗೆ ವಿಲ್ ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಬದುಕಿದ್ದರೆ ಅವರ ತಾಯಿಗೂ ಸಮಪಾಲು. ಇದು 1956ರಿಂದಲೇ ಇರುವ ನಿಯಮ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತ್ತು, ಮದುವೆಯಾಗದವರಿಗೆ ಮಾತ್ರ. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಆ ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕೇ ಬೇಡವೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಬಗೆಹರಿಸಿತು: ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಇರಲಿ ಇಲ್ಲದಿರಲಿ. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ಆಗಿಹೋದ ಮಾರಾಟ, ವಿಭಾಗಗಳನ್ನು ಮಾತ್ರ ಕಾನೂನು ಹಾಗೆಯೇ ಉಳಿಸಿದೆ. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಿಗೆ ಉತ್ತರಾಧಿಕಾರದ ನಿಯಮ ಬೇರೆ. ಆದರೆ ಹೆಣ್ಣುಮಕ್ಕಳಿಗೆ ಪಾಲೇ ಇಲ್ಲ ಎನ್ನುವುದು ಅಲ್ಲಿಯೂ ತಪ್ಪು.

ಹೀಗಿರುವಾಗ ವಂಶವೃಕ್ಷದಿಂದ ಒಂದು ಹೆಸರು ಬಿಟ್ಟು ಮಾರಿದರೆ, ಬಿಟ್ಟುಹೋದವರು ಪಾಲು ಕೇಳಿ ದಾವೆ ಹೂಡಬಹುದು. ಆಗ ಕೊಂಡವರು ದುಡ್ಡು ವಾಪಸು ಕೇಳಿ ಬರುವುದು ಮಾರಿದವರ ಬಳಿಗೇ. ‘ಈ ಸ್ವತ್ತಿನಲ್ಲಿ ಬೇರೆ ಯಾರಿಗೂ ಹಕ್ಕಿಲ್ಲ, ತಕರಾರು ಬಂದರೆ ನಮ್ಮ ಖರ್ಚಿನಲ್ಲಿ ಬಗೆಹರಿಸಿಕೊಡುತ್ತೇವೆ’ ಎಂದು ಕ್ರಯಪತ್ರದಲ್ಲಿ ಸಹಿ ಹಾಕಿರುತ್ತೇವಲ್ಲ! ಕಾನೂನಿನ ಭಯ ಪಕ್ಕಕ್ಕಿಡಿ. ಅಪ್ಪನ ಮನೆಯ ಮೇಲೆ ಮಗಳಿಗೂ ಮಗನಷ್ಟೇ ಹಕ್ಕು ಎನ್ನುವುದು ನ್ಯಾಯದ ಮಾತು. ಅವಳನ್ನು ಮೊದಲ ದಿನವೇ ಕರೆದು ಕೂರಿಸಿ ಮಾತಾಡಿದ ಮನೆಗಳಲ್ಲಿ ವ್ಯಾಪಾರವೂ ಸಲೀಸು, ಹಬ್ಬಕ್ಕೆ ಹೋಗಿಬರುವ ದಾರಿಯೂ ಉಳಿಯುತ್ತದೆ. ಅವಳು ಪಾಲು ಬೇಡವೆಂದರೆ ಬಾಯಿಮಾತು ಸಾಲದು, ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು. ವಾರಸುದಾರರಲ್ಲಿ ಯಾರಾದರೂ ಅಪ್ರಾಪ್ತ ವಯಸ್ಸಿನವರಿದ್ದು ಅವರ ಪಾಲು ಪ್ರತ್ಯೇಕವಾಗಿದ್ದರೆ, ಅದನ್ನು ಮಾರಲು ನ್ಯಾಯಾಲಯದ ಅನುಮತಿ ಬೇಕು; ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಬೆಲೆ ಎಂಬುದು

‘ಹಿಂದಿನ ಬೀದಿಯಲ್ಲಿ ಎರಡೂವರೆ ಕೋಟಿಗೆ ಹೋಯ್ತಂತೆ’. ಬಡಾವಣೆಗಳಲ್ಲಿ ಬೆಲೆ ನಿಗದಿಯಾಗುವುದು ಹೆಚ್ಚಾಗಿ ಈ ‘ಅಂತೆ’ಯಿಂದ. ಆ ಸೈಟು ಮೂಲೆ ಸೈಟಾಗಿತ್ತೇ, ಮುಂದಿನ ರಸ್ತೆ ನಲವತ್ತು ಅಡಿಯದೇ, ಕೊಂಡವರು ಪಕ್ಕದ ಸೈಟನ್ನೂ ಹೊಂದಿದ್ದವರೇ ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ಸಿಕ್ಕಾಪಟ್ಟೆ ಹೆಚ್ಚು ಹೇಳಿದ ಮನೆ ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ, ಕೊನೆಗೆ ‘ಆ ಮನೆಯಲ್ಲಿ ಏನೋ ತೊಂದರೆ ಇರಬೇಕು’ ಎಂಬ ಮಾತು ಹುಟ್ಟಿ, ಮೊದಲೇ ಸಿಗುತ್ತಿದ್ದುದಕ್ಕಿಂತ ಕಡಿಮೆಗೆ ಹೋಗುತ್ತದೆ. ಕೊಳ್ಳುವವರ ಲೆಕ್ಕವನ್ನೂ ತಿಳಿದಿರಬೇಕು. ರಾಜ್ಯದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿತು; 45 ಲಕ್ಷ ದಾಟಿದ ಸ್ವತ್ತಿಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ಒಂದು ಕೋಟಿಯ ಮನೆಗೆ ಏಳು ಲಕ್ಷಕ್ಕೂ ಮಿಕ್ಕಿ ಮೇಲುಖರ್ಚು ಇಟ್ಟುಕೊಂಡೇ ಅವರು ಚೌಕಾಸಿಗೆ ಕೂರುತ್ತಾರೆ.

ಹಳೆಯ ಬಡಾವಣೆಗಳಲ್ಲಿ ಇನ್ನೊಂದು ನೋವಿನ ಸಂಗತಿ ಇದೆ. ಬೆಂಗಳೂರಿನ ಜಯನಗರ, ಬಸವೇಶ್ವರನಗರ, ಮೈಸೂರಿನ ಕುವೆಂಪುನಗರದಂಥ ಕಡೆ ನಲವತ್ತು ವರ್ಷದ ಮನೆಯನ್ನು ನೋಡಲು ಬಂದವರಲ್ಲಿ ಅನೇಕರು ಮನೆಯೊಳಗೆ ಸರಿಯಾಗಿ ಕಣ್ಣೇ ಹಾಯಿಸುವುದಿಲ್ಲ. ಅವರು ಕೊಳ್ಳುವುದು ಸೈಟನ್ನು. ಮನೆ ಕೆಡವಿ ಹೊಸದು ಕಟ್ಟುತ್ತಾರೆ. ರೆಡ್ ಆಕ್ಸೈಡ್ ನೆಲ, ತೇಗದ ಬಾಗಿಲು, ಹಿತ್ತಿಲ ತೆಂಗಿನಮರ ಯಾವುದಕ್ಕೂ ಅವರ ಲೆಕ್ಕದಲ್ಲಿ ಬೆಲೆ ಬರುವುದಿಲ್ಲ. ಅಂಥ ಮನೆಗೆ ಮಾರುವ ಮುನ್ನ ಹೊಸ ಟೈಲ್ಸು, ಮಾಡ್ಯುಲರ್ ಅಡುಗೆಮನೆ ಎಂದು ಐದಾರು ಲಕ್ಷ ಸುರಿಯುವುದು ವ್ಯರ್ಥ. ಹತ್ತು ವರ್ಷದೊಳಗಿನ ಮನೆ, ಅಪಾರ್ಟ್‌ಮೆಂಟಿನ ಫ್ಲ್ಯಾಟು ಬೇರೆ ಮಾತು: ಸೋರುವ ನಲ್ಲಿ, ತೇವ ಹಿಡಿದ ಗೋಡೆ ಸರಿಮಾಡಿಸಿ ಸುಣ್ಣಬಣ್ಣ ಮಾಡಿಸಿದರೆ ಖಂಡಿತ ಪ್ರಯೋಜನವಿದೆ. ಆದರೆ ತೇವವನ್ನು ಮುಚ್ಚಿಡಲೆಂದೇ ಬಣ್ಣ ಬಳಿಯಬಾರದು. ತನಗೆ ಗೊತ್ತಿದ್ದು ಕೊಳ್ಳುವವರ ಕಣ್ಣಿಗೆ ಸಾಮಾನ್ಯವಾಗಿ ಬೀಳದ ದೊಡ್ಡ ದೋಷವನ್ನು ತಿಳಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಮಾರುವವರ ಹೊಣೆ.

ಮನೆಯಲ್ಲಿ ಭೋಗ್ಯದವರಿದ್ದರೆ ಅವರ ಹಣವನ್ನು ಯಾರು, ಎಂದು, ಯಾವ ದುಡ್ಡಿನಿಂದ ಹಿಂದಿರುಗಿಸುತ್ತಾರೆ ಎಂಬುದನ್ನು ಬೆಲೆ ಮಾತಾಡುವಾಗಲೇ ತೀರ್ಮಾನಿಸಿ. ಭೋಗ್ಯದ ಹಣ ಕೈಗೆ ಬರದೆ ಅವರು ಮನೆ ಬಿಡುವುದಿಲ್ಲ, ಮನೆ ಖಾಲಿಯಾಗದೆ ಕೊಳ್ಳುವವರು ಪೂರ್ತಿ ದುಡ್ಡು ಕೊಡುವುದಿಲ್ಲ. ಎರಡರ ನಡುವೆ ಸಿಕ್ಕಿಕೊಳ್ಳುವುದು ಮಾಲೀಕರು.

ಸಹಿ ಹಾಕುವ ಮುನ್ನ ಓದಬೇಕಾದ ಕರಾರು

ಮಾರುವವರು ಅತಿ ಹೆಚ್ಚು ಪೆಟ್ಟು ತಿನ್ನುವುದು ಕ್ರಯದ ಕರಾರಿನಲ್ಲಿ. ಒಂದು ಲಕ್ಷ ಟೋಕನ್ ಕೊಟ್ಟು, ಛಾಪಾ ಕಾಗದದ ಮೇಲೆ ನಾಲ್ಕು ಪುಟ ಬರೆಸಿಕೊಂಡು ಬಂದವರಿಗೆ ‘ಆಯ್ತು, ನಂಬಿಕೆ ಮೇಲೆ ತಾನೇ’ ಎಂದು ಸಹಿ ಹಾಕಿಕೊಡುತ್ತೇವೆ. ಅದರಲ್ಲಿ ಕ್ರಯಪತ್ರ ಯಾವ ದಿನದೊಳಗೆ ಆಗಬೇಕು ಎಂದು ಇರುವುದಿಲ್ಲ; ‘ಕಾಗದಪತ್ರಗಳು ಸಮರ್ಪಕವಾದ ನಂತರ’ ಎಂದಿರುತ್ತದೆ. ಸಮರ್ಪಕ ಯಾವಾಗ ಆಯಿತೆಂದು ಹೇಳುವವರು ಅವರ ವಕೀಲರು.

ಇಂಥ ಕರಾರು ಏನು ಮಾಡಬಲ್ಲದು ನೋಡಿ. ಕರಾರನ್ನು ಜಾರಿಗೊಳಿಸಿ ಕ್ರಯಪತ್ರ ಮಾಡಿಕೊಡಿಸಿ ಎಂದು ದಾವೆ ಹೂಡಲು ಮೂರು ವರ್ಷ ಕಾಲಾವಕಾಶವಿದೆ. ಕರಾರಿನಲ್ಲಿ ದಿನಾಂಕವಿದ್ದರೆ ಆ ದಿನದಿಂದ ಮೂರು ವರ್ಷ. ದಿನಾಂಕವೇ ಇಲ್ಲದಿದ್ದರೆ, ಮಾರುವವರು ಆಗುವುದಿಲ್ಲ ಎಂದದ್ದು ಕೊಳ್ಳುವವರಿಗೆ ತಿಳಿದ ದಿನದಿಂದ ಮೂರು ವರ್ಷ. ಅಂದರೆ ದಿನಾಂಕವಿಲ್ಲದ ಕರಾರಿನ ಎಳೆ ಎಷ್ಟು ವರ್ಷ ಬೇಕಾದರೂ ಎಳೆದುಕೊಂಡು ಹೋಗಬಹುದು. ಜೊತೆಗೆ, ಇಂಥ ದಾವೆಗಳಲ್ಲಿ ನ್ಯಾಯಾಲಯಕ್ಕೆ ಮೊದಲಿದ್ದ ವಿವೇಚನೆಯನ್ನು ನಿರ್ದಿಷ್ಟ ಪರಿಹಾರ ಕಾಯ್ದೆಯ 2018ರ ತಿದ್ದುಪಡಿ ಬಹುಮಟ್ಟಿಗೆ ತೆಗೆದುಹಾಕಿದೆ. ಕೊಳ್ಳುವವರು ತಾವು ಹಣ ಕೊಡಲು ಸದಾ ಸಿದ್ಧವಿದ್ದೆವೆಂದು ತೋರಿಸಿದರೆ, ಬೆಲೆ ಎಷ್ಟೇ ಏರಿರಲಿ, ಹಳೆಯ ದರಕ್ಕೇ ಕ್ರಯ ಮಾಡಿಕೊಡಬೇಕಾಗಿ ಬರಬಹುದು. ಒಂದು ಲಕ್ಷ ರೂಪಾಯಿಗೆ ಒಂದು ಕೋಟಿಯ ಮನೆ ವರ್ಷಗಟ್ಟಲೆ ಕಟ್ಟಿಹಾಕಿದಂತೆ.

ಆದ್ದರಿಂದ ಕರಾರಿನಲ್ಲಿ ಇವಿಷ್ಟು ಇರಲೇಬೇಕು. ಕ್ರಯಪತ್ರಕ್ಕೆ ಖಚಿತ ದಿನಾಂಕ, ಅದರೊಳಗೆ ಹಣ ಬರದಿದ್ದರೆ ಕರಾರು ರದ್ದಾಗುವ ಬಗೆ, ಆಗ ಮುಂಗಡದಲ್ಲಿ ಎಷ್ಟು ಮುಟ್ಟುಗೋಲು, ಎಷ್ಟು ವಾಪಸು. ಕಂತುಗಳಿದ್ದರೆ ಪ್ರತಿ ಕಂತಿಗೂ ದಿನಾಂಕ. ಕೊಳ್ಳುವವರು ಸಾಲ ಪಡೆಯುವುದಾದರೆ, ಸಾಲ ಮಂಜೂರಾಗದಿದ್ದರೆ ಏನು ಎಂಬುದರ ಉತ್ತರ. ಪೂರ್ತಿ ಹಣ ಬರುವ ತನಕ ಸ್ವಾಧೀನ ಕೊಡುವುದಿಲ್ಲ ಎಂಬ ಸಾಲು. ‘ಸ್ವಲ್ಪ ರಿಪೇರಿ ಮಾಡಿಸ್ಕೋತೀವಿ, ಬೀಗದ ಕೈ ಕೊಟ್ಟಿರಿ’ ಎಂದು ಯಾರೇ ಕೇಳಲಿ, ಕೊಡಬಾರದು. ಮೂಲಪತ್ರಗಳನ್ನೂ ಮುಂಚಿತವಾಗಿ ಕೈಬಿಡಬಾರದು. ನೋಡಲು ಬೇಕಿದ್ದರೆ ಜೆರಾಕ್ಸ್ ಕೊಟ್ಟು, ಮೂಲವನ್ನು ಎದುರಿಗೇ ತೋರಿಸಿದರೆ ಆಯಿತು.

ಇದಕ್ಕಿಂತ ಮುಖ್ಯವಾದ, ಬಹಳ ಜನರಿಗೆ ತಿಳಿಯದ ವಿಷಯ ಒಂದಿದೆ. ಪೂರ್ತಿ ಹಣ ಕೈಸೇರುವ ಮೊದಲೇ ಶುದ್ಧ ಕ್ರಯಪತ್ರ ನೋಂದಾಯಿಸಿಕೊಟ್ಟರೆ, ‘ಬಾಕಿ ಕೊಡಲಿಲ್ಲ, ಕ್ರಯ ರದ್ದು ಮಾಡಿ’ ಎಂದು ಆಮೇಲೆ ಕೇಳಲಾಗದು. ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಕೊಟ್ಟ ಬೆಲೆಗಷ್ಟೇ ಅಲ್ಲ, ಕೊಡುತ್ತೇನೆಂದು ಮಾತು ಕೊಟ್ಟ ಬೆಲೆಗೂ ಮಾರಾಟ ಪೂರ್ಣವಾಗುತ್ತದೆ. ಗುಜರಾತಿನ ದಹಿಬೆನ್ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರಲ್ಲಿ ಇದನ್ನೇ ಎತ್ತಿಹಿಡಿಯಿತು. ಕ್ರಯದ ಹಣದಲ್ಲಿ ಹೆಚ್ಚಿನ ಪಾಲು ಬಂದಿಲ್ಲ ಎಂಬುದು ಅವರ ಅಳಲು; ಅದು ನಿಜವೇ ಇದ್ದರೂ ನೋಂದಾಯಿತ ಕ್ರಯಪತ್ರವನ್ನು ರದ್ದುಪಡಿಸಲು ಅದು ಆಧಾರವಾಗದು, ಬಾಕಿ ವಸೂಲಿಗೆ ಬೇರೆ ದಾರಿ ಹಿಡಿಯಬೇಕು ಎಂದಿತು ನ್ಯಾಯಾಲಯ. ಮುಂದಿನ ದಿನಾಂಕದ ಚೆಕ್ಕನ್ನು ನಂಬಿ ಹೆಬ್ಬೆಟ್ಟು ಒತ್ತುವವರು ಇದನ್ನು ನೆನಪಿಡಬೇಕು. ಹಣ ಆರ್‌ಟಿಜಿಎಸ್‌ನಲ್ಲಿ ಖಾತೆಗೆ ಬಂದಿರಬೇಕು, ಡಿ.ಡಿ. ಆದರೆ ಅದನ್ನು ಕೊಟ್ಟ ಬ್ಯಾಂಕಿನ ಶಾಖೆಗೆ ಫೋನ್ ಮಾಡಿ ಖಾತ್ರಿಪಡಿಸಿಕೊಂಡು, ಅದರ ನಂಬರು ಕ್ರಯಪತ್ರದಲ್ಲಿ ನಮೂದಾಗಿದೆಯೇ ನೋಡಿದ ಮೇಲೆಯೇ ಸಹಿ.

ತೆರಿಗೆ: ಮಾರಿದ ಮೇಲೆ ಕೇಳುವ ಪ್ರಶ್ನೆ

ಲೆಕ್ಕಪರಿಶೋಧಕರ ಬಳಿ ಜನ ಹೋಗುವುದು ಜುಲೈ ತಿಂಗಳಲ್ಲಿ, ರಿಟರ್ನ್ಸ್ ಸಲ್ಲಿಸುವ ಹೊತ್ತಿಗೆ. ಅಷ್ಟರಲ್ಲಿ ಮಾಡಬಹುದಾಗಿದ್ದ ಅನೇಕ ಕೆಲಸಗಳ ಕಾಲ ಮೀರಿರುತ್ತದೆ.

ಎರಡು ವರ್ಷಕ್ಕಿಂತ ಹೆಚ್ಚು ಕಾಲ ನಮ್ಮದಾಗಿದ್ದ ಮನೆಯ ಲಾಭ ದೀರ್ಘಾವಧಿ ಬಂಡವಾಳ ಲಾಭ. 2024ರ ಜುಲೈ 23ರಿಂದ ಇದಕ್ಕೆ ಶೇ 12.5 ತೆರಿಗೆ, ಹಣದುಬ್ಬರದ ಸೂಚ್ಯಂಕದ ಅನುಕೂಲ ಇಲ್ಲ. ಆದರೆ ಆ ದಿನಕ್ಕೆ ಮೊದಲೇ ಕೊಂಡಿದ್ದ ಮನೆಗೆ, ಭಾರತದಲ್ಲಿ ವಾಸಿಸುವ ವ್ಯಕ್ತಿಗಳು ಹಳೆಯ ಲೆಕ್ಕದಂತೆ ಸೂಚ್ಯಂಕ ಸೇರಿಸಿ ಶೇ 20 ತೆರಿಗೆ ಎಷ್ಟಾಗುತ್ತದೋ ಅದು ಕಡಿಮೆಯಿದ್ದರೆ ಅಷ್ಟೇ ಕಟ್ಟಬಹುದು. ಎರಡನ್ನೂ ಲೆಕ್ಕ ಹಾಕಿ ನೋಡಲೇಬೇಕು. 2010-11ರಲ್ಲಿ 40 ಲಕ್ಷಕ್ಕೆ ಕೊಂಡ ಮನೆಯನ್ನು 2025-26ರಲ್ಲಿ 1.20 ಕೋಟಿಗೆ ಮಾರಿದರು ಎನ್ನಿ. ಸೂಚ್ಯಂಕ ಕೊಂಡ ವರ್ಷ 167, ಮಾರಿದ ವರ್ಷ 376. ಕೊಂಡ ಬೆಲೆ ಸುಮಾರು 90 ಲಕ್ಷಕ್ಕೆ ಏರಿ, ಲಾಭ 30 ಲಕ್ಷಕ್ಕೆ ಇಳಿದು, ಶೇ 20ರಂತೆ ತೆರಿಗೆ 6 ಲಕ್ಷದ ಆಸುಪಾಸು. ಹೊಸ ಲೆಕ್ಕದಲ್ಲಿ 80 ಲಕ್ಷ ಲಾಭದ ಮೇಲೆ ಶೇ 12.5, ಅಂದರೆ 10 ಲಕ್ಷ. ಇಲ್ಲಿ ಹಳೆಯದೇ ವಾಸಿ. ಅದೇ 1.20 ಕೋಟಿಯ ಮನೆಯನ್ನು 2004-05ರಲ್ಲಿ, ಸೂಚ್ಯಂಕ 113 ಇದ್ದಾಗ, 12 ಲಕ್ಷಕ್ಕೆ ಕೊಂಡಿದ್ದರೆ ಹಳೆಯ ಲೆಕ್ಕದಲ್ಲಿ 16 ಲಕ್ಷ, ಹೊಸದರಲ್ಲಿ 13.5 ಲಕ್ಷ. ಬೆಲೆ ಹಣದುಬ್ಬರಕ್ಕಿಂತ ಬಹಳ ವೇಗವಾಗಿ ಏರಿದ ಕಡೆ ಹೊಸದು ಅನುಕೂಲ. ಸೆಸ್ಸು, ಅನ್ವಯವಾದರೆ ಸರ್ಚಾರ್ಜು ಇವುಗಳ ಮೇಲೆ.

2001ರ ಏಪ್ರಿಲ್ 1ಕ್ಕೆ ಮೊದಲು ಬಂದ ಆಸ್ತಿಗೆ ಕೊಂಡ ಬೆಲೆಯ ಬದಲು ಆ ದಿನದ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು. ಅದು ಅಂದಿನ ಮುದ್ರಾಂಕ ಮೌಲ್ಯವನ್ನು ಮೀರುವಂತಿಲ್ಲ. ನೋಂದಾಯಿತ ಮೌಲ್ಯಮಾಪಕರಿಂದ ವರದಿ ತೆಗೆಸಿಡಿ. ಆಮೇಲೆ ಕಟ್ಟಿದ ಮಹಡಿಯ ಖರ್ಚೂ ಸೇರುತ್ತದೆ, ಬಿಲ್ಲುಗಳಿದ್ದರೆ. ಅಪ್ಪನಿಂದ ಬಂದ ಮನೆಗೆ ಅಪ್ಪ ಕೊಂಡ ಬೆಲೆಯೇ ಆಧಾರ.

ಲಾಭದಿಂದ ಇನ್ನೊಂದು ಮನೆ ಕೊಂಡರೆ ತೆರಿಗೆ ವಿನಾಯಿತಿ ಇದೆ ಎಂಬುದು ಎಲ್ಲರಿಗೂ ಗೊತ್ತು, ಗಡುವುಗಳು ಗೊತ್ತಿರುವುದಿಲ್ಲ. ಮಾರುವ ಮೊದಲಿನ ಒಂದು ವರ್ಷದೊಳಗೆ ಅಥವಾ ಮಾರಿದ ಎರಡು ವರ್ಷದೊಳಗೆ ಕೊಳ್ಳಬೇಕು, ಕಟ್ಟಿಸುವುದಾದರೆ ಮೂರು ವರ್ಷದೊಳಗೆ. ರಿಟರ್ನ್ಸ್ ಸಲ್ಲಿಸುವ ಕೊನೆಯ ದಿನದೊಳಗೆ ಖರ್ಚಾಗದೆ ಉಳಿದ ಲಾಭವನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿಡಬೇಕು. ಈ ಖಾತೆಯ ಹೆಸರನ್ನೇ ಕೇಳದೆ ದುಡ್ಡನ್ನು ಸಾಮಾನ್ಯ ಎಫ್‌.ಡಿ.ಯಲ್ಲಿಟ್ಟು ವಿನಾಯಿತಿ ಕಳೆದುಕೊಂಡವರಿದ್ದಾರೆ. ಮನೆ ಬೇಡವೆಂದರೆ ಆರು ತಿಂಗಳೊಳಗೆ ನಿಗದಿತ ಸರ್ಕಾರಿ ಸಂಸ್ಥೆಗಳ ಬಾಂಡುಗಳಲ್ಲಿ 50 ಲಕ್ಷದ ತನಕ ತೊಡಗಿಸಬಹುದು, ಐದು ವರ್ಷ ಮುಟ್ಟುವಂತಿಲ್ಲ. ಹೊಸ ಮನೆ ಹಳೆಯದರ ಮಾಲೀಕರ ಹೆಸರಿನಲ್ಲೇ ಇರುವುದು ಕ್ಷೇಮ. ಅಪ್ಪನ ಮನೆ ಮಾರಿ ಮಗನೊಬ್ಬನ ಹೆಸರಿಗೆ ಫ್ಲ್ಯಾಟು ಕೊಂಡರೆ ತಕರಾರಿಗೆ ದಾರಿ.

ಇನ್ನು ಕಪ್ಪು ಬಿಳಿಯ ಮಾತು. ‘ಅರ್ಧ ಕ್ಯಾಶ್ ಕೊಡ್ತೀವಿ, ನಿಮಗೂ ಟ್ಯಾಕ್ಸ್ ಉಳಿಯುತ್ತೆ’ ಎಂಬ ಆಮಿಷಕ್ಕೆ ಬಲಿಯಾಗಬಾರದು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು 2015ರಿಂದ ನಿಷಿದ್ಧ, ಮುಂಗಡವೂ ಸೇರಿ. ದಂಡ ಪಡೆದ ಮೊತ್ತದಷ್ಟೇ, ಮತ್ತು ಅದು ಬೀಳುವುದು ಪಡೆದವರ ಮೇಲೆ. ಪತ್ರದಲ್ಲಿ ಕಡಿಮೆ ಬೆಲೆ ತೋರಿಸಿದರೂ ಪ್ರಯೋಜನವಿಲ್ಲ. ಸರ್ಕಾರದ ಮಾರ್ಗಸೂಚಿ ಬೆಲೆ ಪತ್ರದ ಬೆಲೆಗಿಂತ ಶೇ 10ಕ್ಕೂ ಮಿಕ್ಕಿ ಹೆಚ್ಚಿದ್ದರೆ, ಮಾರ್ಗಸೂಚಿ ಬೆಲೆಗೇ ಮಾರಿದಂತೆ ಹಿಡಿದು ತೆರಿಗೆ ಹಾಕುತ್ತಾರೆ. ನಿಜವಾಗಿಯೂ ಕಡಿಮೆಗೇ ಮಾರಿದ್ದರೂ ಇದೇ ನಿಯಮ. 2023ರ ಅಕ್ಟೋಬರಿನಲ್ಲಿ ರಾಜ್ಯದ ಮಾರ್ಗಸೂಚಿ ದರಗಳು ಏರಿದ ಮೇಲೆ ಕೆಲವು ಬೀದಿಗಳಲ್ಲಿ ಮಾರುಕಟ್ಟೆ ಬೆಲೆಯೇ ಅದಕ್ಕಿಂತ ಕೆಳಗಿರಬಹುದು; ಆಗ ಇಲಾಖೆಯ ಮೌಲ್ಯಮಾಪನ ಅಧಿಕಾರಿಗೆ ಒಪ್ಪಿಸುವಂತೆ ಕೇಳಲು ಅವಕಾಶವಿದೆ. ಆದ್ದರಿಂದ ಬೆಲೆ ಒಪ್ಪುವ ಮೊದಲೇ ನಮ್ಮ ರಸ್ತೆಯ ದರ ಎಷ್ಟೆಂದು ನೋಡಿಕೊಳ್ಳಬೇಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯಿಸುವುದರಿಂದ ಸೆಕ್ಷನ್ ನಂಬರುಗಳು ಬದಲಾಗುತ್ತವೆ. ಹಳೆಯ ನಂಬರು ಹಿಡಿದು ಗೊಂದಲ ಮಾಡಿಕೊಳ್ಳಬೇಡಿ.

ಅಮೆರಿಕ, ಕೊಲ್ಲಿ ದೇಶಗಳಲ್ಲಿ ನೆಲೆಸಿ ಊರ ಮನೆ ಮಾರುವ ಕನ್ನಡಿಗರು ಇನ್ನೂ ಹೆಚ್ಚು ಮುಂಚಿತವಾಗಿ ತಯಾರಾಗಬೇಕು. ಇಲ್ಲಿ ವಾಸಿಸುವವರು ಮಾರಿದರೆ, ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಕೊಳ್ಳುವವರು ಹಿಡಿಯುವ ಟಿಡಿಎಸ್ ಶೇ 1. ಅನಿವಾಸಿಗಳಿಗೆ ಆ ರಿಯಾಯಿತಿ ಇಲ್ಲ. ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ತರದಿದ್ದರೆ ಬಂಡವಾಳ ಲಾಭದ ದರದಲ್ಲೇ ಇಡೀ ಮಾರಾಟದ ಮೊತ್ತದ ಮೇಲೆ ಕಡಿತ ಮಾಡುವುದು ರೂಢಿ, ಹೆಚ್ಚಾದದ್ದನ್ನು ಮರಳಿ ಪಡೆಯಲು ಕಾಯಬೇಕು. ಸೂಚ್ಯಂಕ ಸೇರಿಸಿದ ಶೇ 20ರ ಆಯ್ಕೆಯೂ ಅವರಿಗಿಲ್ಲ. ತಮ್ಮ ಪರವಾಗಿ ಇಲ್ಲಿ ಸಹಿ ಹಾಕುವವರಿಗೆ ಅಲ್ಲಿಂದ ಕಳಿಸುವ ಅಧಿಕಾರಪತ್ರ ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಇಲ್ಲಿಯವರೂ ಒಂದು ವಿಷಯ ನೋಡಿಕೊಳ್ಳಬೇಕು: ಆಧಾರ್ ಜೋಡಣೆಯಾಗದೆ ಪ್ಯಾನ್ ನಿಷ್ಕ್ರಿಯವಾಗಿದ್ದರೆ ಶೇ 1ರ ಬದಲು ಶೇ 20 ಕಡಿತವಾಗುತ್ತದೆ.

ಬಂದ ದುಡ್ಡಿನ ಬಗ್ಗೆ ಒಂದು ಮಾತು, ವಿಶೇಷವಾಗಿ ಹಿರಿಯರಿಗೆ. ಮುಂದೆ ಎಲ್ಲಿ ಇರುವುದು ಎಂದು ನಿರ್ಧರಿಸದೆ, ‘ಸದ್ಯಕ್ಕೆ ಮಗನ ಮನೇಲಿ ಇರ್ತೀವಿ’ ಎಂದುಕೊಂಡು ಇದ್ದ ಒಂದೇ ಮನೆಯನ್ನು ಮಾರಿ, ಬಂದ ಹಣವನ್ನು ಅದೇ ವಾರ ಮಕ್ಕಳಿಗೆ ಹಂಚಿಬಿಡುವವರಿದ್ದಾರೆ. ಮಕ್ಕಳು ಒಳ್ಳೆಯವರೇ ಇರುತ್ತಾರೆ. ಆದರೂ ವರ್ಗಾವಣೆ, ಕೆಲಸ ಹೋಗುವುದು, ಕಾಯಿಲೆ, ಸಂಸಾರದ ಭಿನ್ನಾಭಿಪ್ರಾಯ ಹೇಳಿ ಬರುವಂಥವಲ್ಲ. ತೆರಿಗೆ ಎಷ್ಟೆಂದು ತಿಳಿದು ಅದನ್ನು ಪಕ್ಕಕ್ಕಿಟ್ಟು, ತಮ್ಮ ವಸತಿಗೆ ಮತ್ತು ಆಸ್ಪತ್ರೆಗೆ ಬೇಕಾದದ್ದನ್ನು ತಮ್ಮ ಹೆಸರಿನಲ್ಲೇ ಉಳಿಸಿಕೊಂಡು, ಆಮೇಲೆ ಕೊಡುವುದು. ಗಂಡ ಹೆಂಡತಿ ಇಬ್ಬರ ಜಂಟಿ ಮಾಲೀಕತ್ವದ ಮನೆಯಾಗಿದ್ದರೆ ಹೆಂಡತಿಯ ಪಾಲು ಅವರ ಖಾತೆಗೇ ಹೋಗಲಿ.

ಕ್ರಯಪತ್ರವಾದ ಮೇಲೂ ಕೆಲವು ಕೆಲಸ ಉಳಿದಿರುತ್ತವೆ. ಸ್ವಾಧೀನ ಕೊಟ್ಟ ದಿನದ ವಿದ್ಯುತ್ ಮತ್ತು ನೀರಿನ ಮೀಟರಿನ ರೀಡಿಂಗನ್ನು ಫೋಟೊ ತೆಗೆದಿಟ್ಟುಕೊಂಡು, ಸ್ವಾಧೀನ ಪತ್ರಕ್ಕೆ ಕೊಂಡವರು, ಮಾರಿದವರು ಇಬ್ಬರೂ ಸಹಿ ಹಾಕಿ. ವಿದ್ಯುತ್ ಸಂಪರ್ಕದ ಠೇವಣಿ ಯಾರ ಹೆಸರಿನಲ್ಲಿದೆ, ಅಪಾರ್ಟ್‌ಮೆಂಟಾದರೆ ಸಂಘದಲ್ಲಿರುವ ಕಾರ್ಪಸ್ ಹಣ ಯಾರಿಗೆ ಸೇರುತ್ತದೆ ಎಂಬುದು ಬರಹದಲ್ಲಿರಲಿ. ಖಾತೆ ಬದಲಾಗುವ ತನಕ ಕಂದಾಯದ ನೋಟಿಸು ಹಳೆಯ ಹೆಸರಿಗೇ ಬರುತ್ತದೆ. ಕೊಂಡವರು ಖಾತೆ ಮಾಡಿಸಿಕೊಂಡರೇ ಎಂದು ಆರು ತಿಂಗಳಾದ ಮೇಲೆ ಒಮ್ಮೆ ವಿಚಾರಿಸಿ. ಅವರು ಹಿಡಿದ ಟಿಡಿಎಸ್ ಸರ್ಕಾರಕ್ಕೆ ಕಟ್ಟಿದ್ದಾರೆಯೇ ಎಂದು ಇಲಾಖೆಯಲ್ಲಿರುವ ನಿಮ್ಮ ತೆರಿಗೆ ಕಡಿತದ ವಿವರದಲ್ಲಿ ನೋಡಿ, ಕಡಿತದ ಪ್ರಮಾಣಪತ್ರ ಕೇಳಿ ಪಡೆಯಿರಿ. ಮೂಲಪತ್ರಗಳು ಕೊಂಡವರ ಕೈಸೇರುವ ಮೊದಲೇ ಎಲ್ಲದರ ಪ್ರತಿ ಮಾಡಿಸಿ, ಕ್ರಯಪತ್ರದ ದೃಢೀಕೃತ ನಕಲು, ಬ್ಯಾಂಕಿನ ಲೆಕ್ಕದ ಪುಟ, ಮಹಡಿ ಕಟ್ಟಿಸಿದ ಬಿಲ್ಲು, ಮೌಲ್ಯಮಾಪಕರ ವರದಿ ಇವನ್ನೆಲ್ಲ ಒಂದೇ ಫೈಲಿನಲ್ಲಿಡಿ. ತೆರಿಗೆ ಇಲಾಖೆಯ ಪತ್ರ ವರ್ಷಗಳ ನಂತರವೂ ಬರಬಹುದು, ಆಗ ಉತ್ತರ ಬರೆಯಬೇಕಾದವರು ನಿಮ್ಮ ಮಕ್ಕಳೂ ಆಗಿರಬಹುದು. ಫೈಲು ಎಲ್ಲಿದೆ ಎನ್ನುವುದನ್ನು ಅವರಿಗೂ ತಿಳಿಸಿ.